ಹಿಡಿಯದೆ ಬಿಟ್ಟ ಹಾವಿನ ಲೆಕ್ಕ

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಸಂಜೆ ಹೊತ್ತಿಗೆ ಬಚ್ಚಲು ಮನೆಯ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ಹಾವು ಕಾಣಿಸಿತು. ಅಜ್ಜಿ ಕೂಗಿದರು, ಮೊಮ್ಮಗ ಫೋನು ಹಚ್ಚಿದ, ಮುಕ್ಕಾಲು ಗಂಟೆಯಲ್ಲಿ ಬೈಕಿನ ಮೇಲೆ ಒಬ್ಬ ಹುಡುಗ ಬಂದ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹಾವು ಹಿಡಿಯುವುದು ಅವನ ಸಂಬಳವಿಲ್ಲದ ಕೆಲಸ. ಬೆನ್ನಿಗೆ ಕೊಕ್ಕೆ, ಬಟ್ಟೆಚೀಲ, ಒಂದು ತುಂಡು ಪೈಪು. ಅಷ್ಟರೊಳಗೆ ಅಂಗಳದಲ್ಲಿ ಹತ್ತು ಹದಿನೈದು ಜನ ಸೇರಿ ಮೊಬೈಲು ಎತ್ತಿಕೊಂಡು ನಿಂತಾಗಿತ್ತು. ಹುಡುಗ ಟಾರ್ಚು ಬಿಟ್ಟು ಸೌದೆ ಸಂದಿಯಲ್ಲಿ ನೋಡಿದ, ಎದ್ದು ಕೈ ಒರೆಸಿಕೊಂಡ.

"ಕೇರೆ ಅಜ್ಜಿ. ಅದ್ರ ಪಾಡಿಗೆ ಅದಿರ್ಲಿ ಬಿಡಿ."

"ಬಂದವ ಹಿಡೀದೇ ಹೋಗ್ತೀಯಾ ಮಾರಾಯ? ಪೆಟ್ರೋಲು ದಂಡ ಅಲ್ವಾ ನಿಂಗೆ?"

"ಇದನ್ನ ತಗಂಡು ಹೋದ್ರೆ ನಾಳೆ ಇಲಿ ಬರ್ತವೆ. ಇಲಿ ಹಿಂದೆ ಇನ್ನೊಂದು ಬರ್ತದೆ. ಆ ಇನ್ನೊಂದು ಕೇರೆನೇ ಆಗಿರ್ತದೆ ಅಂತ ನಾ ಹೇಳೂಕಾಗ್ತದಾ?"

ಅಜ್ಜಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೇರೆ ಹಸುವಿನ ಕಾಲಿಗೆ ಬಾಲ ಸುತ್ತಿ ಹಾಲು ಕುಡಿಯುತ್ತದೆ ಎಂಬ ಹಳೆಯ ಮಾತು ತೆಗೆದರು. ಹುಡುಗ ನಗಲಿಲ್ಲ. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ ಮುಕ್ಕಾಲು ಗಂಟೆ ಮಾತಾಡಿದ. ಹಿಂಡಿ ಚೀಲ ನೆಲಕ್ಕೆ ಇಡಬೇಡಿ, ಸೌದೆ ರಾಶಿಯನ್ನು ಗೋಡೆಯಿಂದ ನಾಲ್ಕು ಮೊಳ ಆಚೆ ಸರಿಸಿ, ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಬಡಿಯಿರಿ, ರಾತ್ರಿ ಹೊರಗೆ ಹೋಗುವಾಗ ಟಾರ್ಚು ಇಲ್ಲದೆ ಹೋಗಬೇಡಿ, ಏನಾದರೂ ಕಚ್ಚಿದರೆ ಮದ್ದು ಇಳಿಸುವವರ ಮನೆ ಕಡೆ ಗಾಡಿ ತಿರುಗಿಸಬೇಡಿ. ವಿಷನಿರೋಧಕ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಮೊಮ್ಮಗನ ಕೈಯಲ್ಲಿ ಕ್ಯಾಲೆಂಡರಿನ ಮೇಲೆ ಬರೆಸಿದ. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಮೊಬೈಲು ಹಿಡಿದು ಬಂದವರಿಗೆ ನಿರಾಸೆಯಾಗಿತ್ತು. "ಇವ ಹೊಸಬ ಇರಬೇಕು" ಎಂದು ಒಬ್ಬರು ಗೊಣಗಿದ್ದೂ ಕೇಳಿಸಿತು.

ಆ ಖಾಲಿ ಚೀಲದ ಪರವಾಗಿ ನಾನಿಲ್ಲಿ ವಾದ ಹೂಡುತ್ತಿದ್ದೇನೆ. ಸರೀಸೃಪಗಳನ್ನು ಉಳಿಸುವ ಕೆಲಸದಲ್ಲಿ ನಾವು ಎಣಿಸುತ್ತಿರುವುದು ತುಂಬಿದ ಚೀಲಗಳನ್ನು. ಇಂಥವರು ಐದು ಸಾವಿರ ಹಾವು ಹಿಡಿದರು, ಹತ್ತು ಸಾವಿರ ಹಿಡಿದರು ಎಂದು ಪತ್ರಿಕೆ ಬರೆಯುತ್ತದೆ, ಊರು ಶಾಲು ಹೊದಿಸುತ್ತದೆ. ಹಿಡಿದ ಹಾವಿನ ಗತಿ ಮುಂದೇನಾಯಿತು, ಹಾವು ಹೋದ ಮನೆಯವರು ಏನು ಕಲಿತರು ಎಂಬ ಎರಡು ಪ್ರಶ್ನೆಗಳನ್ನು ಆ ಸಮಾರಂಭಗಳಲ್ಲಿ ಯಾರೂ ಕೇಳುವುದಿಲ್ಲ.

ಕಲ್ಲಿನ ನಾಗನಿಗೂ ಜೀವಂತ ನಾಗನಿಗೂ ನಾವು ಮಾಡುವ ಭೇದವನ್ನು ಬಸವಣ್ಣ ಎತ್ತಿ ತೋರಿಸಿ ಎಂಟು ಶತಮಾನ ದಾಟಿತು. ಆ ವಚನ ಕನ್ನಡಿಗರಿಗೆಲ್ಲ ಬಾಯಿಪಾಠ, ಮತ್ತೆ ಬರೆಯಬೇಕಾಗಿಲ್ಲ. ಕಲ್ಲಿಗೆ ಹಾಲು, ಜೀವಕ್ಕೆ ದೊಣ್ಣೆ ಎಂಬ ಭೇದ ಇನ್ನೂ ಹಾಗೇ ಇದೆ. ಕರಾವಳಿಯ ನಾಗಬನಗಳನ್ನೇ ನೋಡಿ. ಬನ ಎಂದರೆ ಹೆಸರೇ ಹೇಳುವಂತೆ ಮರ, ಬಳ್ಳಿ, ತರಗೆಲೆ, ಹುತ್ತ ಎಲ್ಲ ಸೇರಿದ ಒಂದು ತುಂಡು ಕಾಡು. ಊರಿನವರು ಕೊಡಲಿ ಹಾಕದೆ ಉಳಿಸಿಕೊಂಡ ಜಾಗ. ಈಚೆಗೆ ಜೀರ್ಣೋದ್ಧಾರ ಆದ ಎಷ್ಟೋ ಬನಗಳಲ್ಲಿ ಗ್ರಾನೈಟಿನ ಕಟ್ಟೆ ಇದೆ, ಸುತ್ತ ಟೈಲ್ಸು ಇದೆ, ನಾಗನ ಕಲ್ಲು ಹೊಳೆಯುತ್ತಿದೆ. ಹಾವು ಒಳಸೇರಲು ಒಂದು ಬಿರುಕು ಇಲ್ಲ. ಸತ್ತ ನಾಗರಕ್ಕೆ ಸಂಸ್ಕಾರ ಮಾಡುವ ಅದೇ ಊರಿನಲ್ಲಿ ಕೊಳಕು ಮಂಡಲಕ್ಕೆ ದೊಣ್ಣೆಯೇ ಸಂಸ್ಕಾರ.

ಹಾಲು ಮತ್ತು ದೊಣ್ಣೆಯ ನಡುವೆ ಮೂರನೆಯ ದಾರಿಯೊಂದು ಹುಟ್ಟಿದ್ದು ಈಚಿನ ಐವತ್ತು ಚಿಲ್ಲರೆ ವರ್ಷಗಳಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. (ಅದೇ ವರ್ಷದ ಕೊನೆಗೆ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆ ಕಂಡಿತು. ನಮ್ಮ ಜನ ಯಾವುದನ್ನು ಹೆಚ್ಚು ನೆನಪಿಟ್ಟುಕೊಂಡರು ಎಂದು ಬೇರೆ ಹೇಳಬೇಕಿಲ್ಲ.) ಸುಮಾರು ಆ ಹೊತ್ತಿಗೇ ರಾಮ್ಯುಲಸ್ ವಿಟೇಕರ್ ಮದರಾಸಿನಲ್ಲಿ ಹಾವುಗಳ ಉದ್ಯಾನ ಕಟ್ಟಿ, ಹಾವನ್ನು ಗಾಜಿನಾಚೆ ಇಟ್ಟು ಜನರಿಗೆ ತೋರಿಸುತ್ತಿದ್ದರು. ಹಾವು ಕಂಡರೆ ಕೊಲ್ಲುವ ಬದಲು ಹಿಡಿಯಬಲ್ಲವರನ್ನು ಕರೆಯಬಹುದು ಎಂಬ ಅರಿವು ನಿಧಾನವಾಗಿ ಊರೂರಿಗೆ ಹಬ್ಬಿತು. ಮೈಸೂರಿನಲ್ಲಿ ಹಾವು ಹಿಡಿಯುವ ಸ್ನೇಕ್ ಶ್ಯಾಮ್ ಅವರ ವಾಹನ ಗುರುತಿಸದ ಮಕ್ಕಳಿರಲಿಲ್ಲ. ಒಂದಿಡೀ ತಲೆಮಾರು ಫೋನು ಮಾಡುವುದನ್ನು ಕಲಿತದ್ದು ಇಂಥವರಿಂದ. ಇದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ಅವರ ಮೇಲಲ್ಲ. ಮೊದಲ ಮೆಟ್ಟಿಲನ್ನೇ ಅಟ್ಟ ಎಂದುಕೊಂಡು ನಾವು ಅಲ್ಲೇ ಕುಳಿತುಬಿಟ್ಟಿದ್ದೇವಲ್ಲ, ಅದರ ಮೇಲೆ.

ಹಿಡಿದ ಹಾವು ಎಲ್ಲಿಗೆ ಹೋಗುತ್ತದೆ? "ಕಾಡಿಗೆ ಬಿಡಲಾಯಿತು" ಎಂಬ ಒಂದೇ ಸಾಲಿನಲ್ಲಿ ವರದಿ ಮುಗಿಯುತ್ತದೆ. ಹಾವಿಗೂ ಒಂದು ಊರು ಇದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಯಾವ ಬಿಲದಲ್ಲಿ ಇಲಿ, ಯಾವ ಕಲ್ಲಿನಡಿ ಬೇಸಿಗೆಯಲ್ಲೂ ತಂಪು, ಬೆಳಗಿನ ಬಿಸಿಲು ಮೊದಲು ಎಲ್ಲಿ ಬೀಳುತ್ತದೆ, ಮುಂಗುಸಿ ಓಡಾಡುವ ದಾರಿ ಯಾವುದು ಎಂದು ಅದು ವರ್ಷಗಟ್ಟಲೆ ತಿರುಗಿ ಕಲಿತಿರುತ್ತದೆ. ಮೈ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾಗದ ಪ್ರಾಣಿಗೆ ಈ ತಿಳುವಳಿಕೆಯೇ ಆಸ್ತಿ. ಚೀಲದಲ್ಲಿ ತುಂಬಿ ನಲವತ್ತು ಕಿಲೋಮೀಟರ್ ಆಚೆ ಬಿಟ್ಟಾಗ ಆಸ್ತಿಯೆಲ್ಲ ಹಿಂದೆ ಉಳಿಯುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರ‍್ಯಾಟಲ್ ಹಾವುಗಳ ಮೈಯೊಳಗೆ ರೇಡಿಯೋ ಇಟ್ಟು ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಬೇರೆ ಕಡೆಯಿಂದ ತಂದು ಬಿಟ್ಟ ಹಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅಲ್ಲೇ ಹುಟ್ಟಿ ಬೆಳೆದವುಗಳಲ್ಲಿ ಸತ್ತದ್ದು ಹತ್ತರಲ್ಲಿ ಒಂದರಷ್ಟು. ನಮ್ಮ ಆಗುಂಬೆಯಲ್ಲೂ ಇಂಥ ಕೆಲಸ ನಡೆದಿದೆ. ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗ ಸರ್ಪಗಳಿಗೆ ರೇಡಿಯೋ ಅಳವಡಿಸಿ ಮಳೆಯಲ್ಲಿ, ಜಿಗಣೆಗಳ ನಡುವೆ ಅವುಗಳ ಹಿಂದೆ ನಡೆದರು. ಸ್ಥಳೀಯ ಗಂಡು ಹಾವೊಂದನ್ನೂ ಬೇರೆಡೆ ಹಿಡಿದು ತಂದು ಬಿಟ್ಟ ಇನ್ನೊಂದನ್ನೂ ಹೋಲಿಸಿದಾಗ, ತಂದು ಬಿಟ್ಟದ್ದು ಎಲ್ಲೂ ನೆಲೆ ನಿಲ್ಲದೆ ದೂರ ದೂರ ಅಲೆಯಿತು. ಎರಡೇ ಹಾವಿನ ಮೇಲೆ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ದಾರಿ ತಪ್ಪಿಸಿ ಬಿಟ್ಟ ಬೆಕ್ಕಿನ ಕಥೆ ಗೊತ್ತಿರುವ ಯಾರಿಗೂ ಇದು ಅಚ್ಚರಿಯ ಸುದ್ದಿಯಲ್ಲ. ಅಲೆಯುವ ಹಾವು ಹೆಚ್ಚು ರಸ್ತೆ ದಾಟುತ್ತದೆ, ಹೆಚ್ಚು ಮನೆಗಳ ಹತ್ತಿರ ಹಾಯುತ್ತದೆ, ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ವಿಷಯ, ಇದರ ಬಗ್ಗೆ ಹಾವುಪ್ರಿಯರು ಕೂಡ ಮಾತಾಡುವುದು ಕಡಿಮೆ. ನಾವು "ಕಾಡು" ಎನ್ನುವ ಜಾಗದ ಅಂಚಿನಲ್ಲಿ ಮನೆಗಳಿವೆ. ಬಡಾವಣೆಯ ಸೈಟಿನಲ್ಲಿ ಸಿಕ್ಕ ಮಂಡಲವನ್ನು ಕಾಡಂಚಿನಲ್ಲಿ ಬಿಟ್ಟು ಬರುವಾಗ, ಆ ಅಂಚಿನಲ್ಲಿ ಸೌದೆ ಆಯುವವರನ್ನು, ದನ ಮೇಯಿಸುವವರನ್ನು, ಹಾಡಿಯ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಪಟ್ಟಣದ ಹೆದರಿಕೆಯನ್ನು ಚೀಲದಲ್ಲಿ ಕಟ್ಟಿ, ಆಸ್ಪತ್ರೆಗೆ ಎಲ್ಲರಿಗಿಂತ ದೂರದಲ್ಲಿರುವವರ ಬಾಗಿಲಲ್ಲಿ ಬಿಚ್ಚಿದಂತಾಯಿತು. ಇದಕ್ಕೆ ರಕ್ಷಣೆ ಎಂಬ ಹೆಸರು ಹೇಗೆ ಒಪ್ಪುತ್ತದೋ ನನಗೆ ತಿಳಿಯದು.

ಕಾಳಿಂಗದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1836ರಲ್ಲಿ ವಿಜ್ಞಾನದ ಪುಸ್ತಕಕ್ಕೆ ಸೇರಿದ ಈ ಹಾವನ್ನು ಭಾರತದಿಂದ ಫಿಲಿಪೀನ್ಸ್‌ವರೆಗೆ ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ಸಂಶೋಧಕ ಪಿ. ಗೌರಿಶಂಕರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಮೈಪಟ್ಟೆ ಎಣಿಸಿ, ವಂಶವಾಹಿ ಹೋಲಿಸಿ, 2024ರಲ್ಲಿ ಇದು ನಾಲ್ಕು ಪ್ರಭೇದ ಎಂದು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ 'ಓಫಿಯೊಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ಮಲೆನಾಡಿನ ಅಜ್ಜಿಯರು ಕರೆಯುವ ಹೆಸರು ಲ್ಯಾಟಿನ್ನಿನ ಪಕ್ಕದಲ್ಲಿ ಕುಳಿತದ್ದು ನನಗೆ ಬಹಳ ಖುಷಿ ಕೊಟ್ಟಿತು. ಆ ಖುಷಿಯ ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಇಷ್ಟು ದೊಡ್ಡ, ಇಷ್ಟು ಪ್ರಸಿದ್ಧ ಹಾವು ನಿಜವಾಗಿ ಎಷ್ಟು ಬಗೆ ಎಂದು ತಿಳಿಯಲು ನೂರೆಂಬತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಸಣ್ಣಪುಟ್ಟ ಹಾವು, ಹಲ್ಲಿ, ಹಾವುರಾಣಿಗಳ ವಿಷಯದಲ್ಲಿ ನಮ್ಮ ತಿಳುವಳಿಕೆ ಇನ್ನೆಷ್ಟು ತೆಳ್ಳಗಿರಬೇಡ? ಹಿಡಿದ ಪ್ರಾಣಿಯನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವವರು ಯಾವ ಗೆರೆ ದಾಟುತ್ತಿದ್ದೇವೆ ಎಂದು ತಿಳಿಯದೆಯೇ ದಾಟುತ್ತಿರುತ್ತಾರೆ.

ಕಾನೂನಿನ ಕಣ್ಣಲ್ಲಿ ಈ ಚಿತ್ರ ಇನ್ನೂ ವಿಚಿತ್ರ. ವನ್ಯಜೀವಿ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರಿದೆ. ಅನುಮತಿಯಿಲ್ಲದೆ ಸಂರಕ್ಷಿತ ಹಾವನ್ನು ಹಿಡಿದವರು, ಅವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಪುಸ್ತಕದ ಪ್ರಕಾರ ಬೇಟೆಗಾರರೇ. ಅರಣ್ಯ ಇಲಾಖೆಗೆ ಇದು ಗೊತ್ತು. ಹಾವು ಬಂದಿದೆ ಎಂದು ಕರೆ ಬಂದರೆ ಇಲಾಖೆಯವರೇ ಎಷ್ಟೋ ಸಲ ಇಂಥ ಹುಡುಗರ ನಂಬರು ಕೊಡುತ್ತಾರೆ. ಕೆಲಸಕ್ಕೆ ಬೇಕು, ಕಾಗದದಲ್ಲಿ ಇಲ್ಲ. ಕಚ್ಚಿಸಿಕೊಂಡರೆ ಆಸ್ಪತ್ರೆ ಖರ್ಚು ಅವನದೇ, ಸತ್ತರೆ ಸಂಸಾರ ಬೀದಿಗೆ.

ಹಾವು ಹಿಡಿದು ಆಟ ಕಟ್ಟುವವರ ಬಗ್ಗೆ ಸಿಟ್ಟಾಗುವ ಮೊದಲು ಈ ಕಡೆಯನ್ನೂ ನೋಡಬೇಕು. ನಾಗರದ ಹೆಡೆಗೆ ಮುತ್ತಿಡುವುದು, ಕೊರಳಿಗೆ ಸುತ್ತಿಕೊಳ್ಳುವುದು, ಬಾಲ ಹಿಡಿದು ಎತ್ತಿ ಜನರ ಮುಂದೆ ಆಡಿಸುವುದು, ಬಾಟಲಿಯಿಂದ ನೀರು ಕುಡಿಸುವುದು, ಇವುಗಳ ವಿಡಿಯೊ ನೋಡದವರು ಇಂದು ಯಾರಿದ್ದಾರೆ? ಸಂಬಳವಿಲ್ಲದ ಕೆಲಸಕ್ಕೆ ಚಪ್ಪಾಳೆಯೇ ಸಂಬಳವಾಗುತ್ತದೆ. ಪೆಟ್ರೋಲಿಗೆ ಕಾಸಿಲ್ಲದವನಿಗೆ ಚಾನೆಲಿನ ವೀಕ್ಷಕರೇ ದಾತರು. ವೀಕ್ಷಕರಿಗೆ ಬೇಕಾದದ್ದು ಹೆಡೆ ಎತ್ತಿದ ಹಾವು. ಜಾಲರಿ ಬಡಿಯುವ ಪಾಠವನ್ನು ಯಾರು ಪೂರ್ತಿ ನೋಡುತ್ತಾರೆ? ಹೀಗೆ ರಕ್ಷಣೆ ಹೋಗಿ ಪ್ರದರ್ಶನವಾಗುತ್ತದೆ, ಪ್ರದರ್ಶನ ನೋಡಿದ ಹದಿನಾರರ ಹುಡುಗ ಮರುದಿನ ತಾನೂ ಬರಿಗೈಯಲ್ಲಿ ಹೊರಡುತ್ತಾನೆ. ಮೂವತ್ತು ವರ್ಷದ ಅನುಭವ ಇದ್ದವರನ್ನೂ ಹಾವು ಬಿಡುವುದಿಲ್ಲ. ಕೇರಳದ ಅತಿ ಪ್ರಸಿದ್ಧ ಹಾವು ಹಿಡಿಯುವವರೊಬ್ಬರಿಗೆ 2022ರ ಜನವರಿಯಲ್ಲಿ ಚೀಲಕ್ಕೆ ತುಂಬುವ ಹೊತ್ತಿನಲ್ಲಿ ನಾಗರ ಕಚ್ಚಿತು, ಅವರು ಸಾವಿನ ಬಾಗಿಲಿಗೆ ಹೋಗಿ ಬಂದರು.

ಅದಕ್ಕೂ ಮುಂಚೆಯೇ ಕೇರಳ ಕಣ್ಣು ತೆರೆದಿತ್ತು. 2020ರಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಗಂಡನೊಬ್ಬ ಹಾವು ಕೊಂಡು ತಂದು ಹೆಂಡತಿಗೆ ಕಚ್ಚಿಸಿ ಕೊಂದ ಪ್ರಕರಣ ನಡೆಯಿತು. ಆ ಹಾವು ಅವನಿಗೆ ಸಿಕ್ಕಿದ್ದು ಹಾವು ಹಿಡಿಯುವವನೊಬ್ಬನಿಂದ. ಅದೇ ವರ್ಷ ಅಲ್ಲಿನ ಅರಣ್ಯ ಇಲಾಖೆ ನಿಯಮಾವಳಿ ತಂದಿತು. ತರಬೇತಿ ಪಡೆದು ಪ್ರಮಾಣಪತ್ರ ಇದ್ದವರು ಮಾತ್ರ ಹಿಡಿಯಬೇಕು, ಕೊಕ್ಕೆ, ಪೈಪು, ಚೀಲ ಬಳಸಬೇಕು, ಹಾವನ್ನು ಜನರ ಮುಂದೆ ಆಡಿಸಕೂಡದು. 'ಸರ್ಪ' ಎಂಬ ಹೆಸರಿನ ಆ್ಯಪ್ ಬಂತು, ಕರೆ ಮಾಡಿದರೆ ಹತ್ತಿರದ ಸ್ವಯಂಸೇವಕರಿಗೆ ಸುದ್ದಿ ಹೋಗುತ್ತದೆ. ಕೊಕ್ಕೆಯಿಂದ ಪೈಪಿನ ಬಾಯಿ ತೋರಿಸಿದರೆ ಕತ್ತಲೆ ಬಿಲವೆಂದುಕೊಂಡು ಹಾವು ತಾನಾಗಿ ಚೀಲಕ್ಕೆ ಹರಿಯುತ್ತದೆ. ಕತ್ತು ಹಿಡಿಯುವ ಪ್ರಮೇಯವೇ ಇಲ್ಲ. ನೋಡುವುದಕ್ಕೆ ಎಷ್ಟು ಬೇಸರದ ದೃಶ್ಯ! ಒಳ್ಳೆಯ ರಕ್ಷಣೆ ಹಾಗೇ ಇರಬೇಕು. ನಮ್ಮಲ್ಲಿ ಬಿಡಿಬಿಡಿಯಾಗಿ ಇಂಥ ತರಬೇತಿ ನಡೆಯುತ್ತಿದೆ. ತರಬೇತಿ, ಗುರುತಿನ ಚೀಟಿ, ವಿಮೆ ಮೂರನ್ನೂ ಒಟ್ಟಿಗೆ ಕೊಟ್ಟರೆ ಚಪ್ಪಾಳೆಯ ಹಂಗು ತಾನಾಗಿ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಇಲ್ಲಿಗೆ ನನ್ನ ವಾದದ ಎದುರಿಗೆ ನಿಲ್ಲುವ ಗಟ್ಟಿಯಾದ ಮಾತೊಂದಿದೆ. "ಆ ಹುಡುಗ ಹಿಡಿಯದೆ ಹೋದ, ಸರಿ. ಅವನ ಬೈಕು ತಿರುವು ದಾಟುವ ಮೊದಲೇ ಯಾರಾದರೂ ದೊಣ್ಣೆ ಎತ್ತಿದ್ದರೆ? ಕೇರೆಯ ಬದಲು ಕಟ್ಟುಹಾವಾಗಿದ್ದರೆ? ಮನೆಯಲ್ಲಿ ಹಾಲು ಕುಡಿಯುವ ಕೂಸಿದ್ದರೆ?" ಈ ಪ್ರಶ್ನೆ ಕೇಳುವವರನ್ನು ಅಜ್ಞಾನಿಗಳೆಂದು ತಳ್ಳುವ ಹಕ್ಕು ಯಾರಿಗೂ ಇಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಗದ್ದೆಯಲ್ಲಿ ಕೈ ಕಾಲು ಮುಳುಗಿಸಿ ದುಡಿಯುವ ದಿನಗಳಲ್ಲಿ. ಹಾವಿನ ಜೊತೆ ಬದುಕಿ ಎಂದು ಹೇಳುವುದು ಮೂರನೆಯ ಮಹಡಿಯಲ್ಲಿ ಕುಳಿತವರಿಗೆ ಸುಲಭ. ಬೆಲೆ ತೆರುವವರು ಕೆಳಗಿದ್ದಾರೆ.

ಕಟ್ಟುಹಾವು ಮನೆಯೊಳಗೆ ಬಂದರೆ ಹಿಡಿಯಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ಹಿಡಿದು ಆದಷ್ಟು ಹತ್ತಿರದಲ್ಲಿ, ಮನೆಗಳಿಲ್ಲದ, ಅದಕ್ಕೆ ಒಗ್ಗುವ ಜಾಗದಲ್ಲಿ ಬಿಡಬೇಕು. ಆದರೆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಗದ್ದೆಯಲ್ಲಿ ಕಾಲಿಗೆ ಕಚ್ಚುವ ಮಂಡಲವನ್ನು ಯಾರೂ ಫೋನು ಮಾಡಿ ಹಿಡಿಸಿರುವುದಿಲ್ಲ. ಅದು ಕಂಡಿರುವುದೇ ಇಲ್ಲ. ನೆಲದ ಮೇಲೆ ಮಲಗಿದವರನ್ನು ನಡುರಾತ್ರಿ ಕಚ್ಚುವ ಕಟ್ಟುಹಾವನ್ನೂ ಅಷ್ಟೆ. ಅದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಗಾಯ ಕಾಣುವುದಿಲ್ಲ, ನೋವಿಲ್ಲ, ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋತುಬೀಳಲು ಶುರುವಾದಾಗ ಮನೆಯವರಿಗೆ ಅನುಮಾನ ಬರುತ್ತದೆ. ಕೊಲ್ಲುವ ಹಾವು ಬಹಳ ಮಟ್ಟಿಗೆ ಕಾಣದ ಹಾವು. ಕಂಡ ಹಾವನ್ನು ಎಷ್ಟು ಸಾವಿರ ಹಿಡಿದರೂ ಈ ಸಾವು ಇಳಿಯುವುದಿಲ್ಲ. ಇಳಿಸಬಲ್ಲದ್ದು ಮಂಚ, ಅಂಚು ಸಿಕ್ಕಿಸಿದ ಸೊಳ್ಳೆಪರದೆ, ಟಾರ್ಚು, ಗಂಬೂಟು, ಮತ್ತು ಹೊತ್ತು ಕಳೆಯದೆ ಸೇರಬೇಕಾದ ಆಸ್ಪತ್ರೆ. 2020ರ ಅಧ್ಯಯನಕ್ಕೂ ಮುಂಚೆ, 2011ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಸತ್ತವರ ಪೈಕಿ ಮುಕ್ಕಾಲು ಪಾಲು ಜನ ಪ್ರಾಣ ಬಿಟ್ಟದ್ದು ಆಸ್ಪತ್ರೆಯ ಹೊರಗೆ.

ಜನಶಿಕ್ಷಣ ಎಂದಾಗ ನನ್ನ ಮನಸ್ಸಿನಲ್ಲಿರುವುದು ಇದು. ಶಾಲೆಗಳಲ್ಲಿ ಪರದೆ ಹಾಕಿ ತೋರಿಸುವ "ಹಾವು ರೈತನ ಮಿತ್ರ" ಎಂಬ ಪಾಠ ಅರ್ಧ ಸತ್ಯ. ಕೇರೆ ಇಲಿ ತಿನ್ನುತ್ತದೆ, ಒಪ್ಪಿದೆ. ಮಂಡಲವೂ ಇಲಿ ತಿನ್ನುತ್ತದೆ. ಕೊಯ್ಲಿಗೆ ಹೋದ ತಾಯಿಯನ್ನು ಮಂಡಲಕ್ಕೆ ಕಳೆದುಕೊಂಡ ಮಗು ಆ ತರಗತಿಯಲ್ಲಿ ಕುಳಿತಿರಬಹುದು. ಅದರ ಮುಂದೆ ಈ ಘೋಷಣೆ ಕೂಗುವುದು ಕ್ರೌರ್ಯ. ಮಕ್ಕಳಿಗೆ ಪೂರ್ತಿ ಸತ್ಯ ಹೇಳಬಹುದು, ಅವರು ತಾಳಿಕೊಳ್ಳುತ್ತಾರೆ. ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿವೆ, ಹೆಚ್ಚಿನ ಸಾವಿಗೆ ಕಾರಣ ನಾಲ್ಕೇ: ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ತೋಳಹಾವು ಕಟ್ಟುಹಾವಿನಂತೆಯೇ ಕಾಣುತ್ತದೆ, ಆದರೆ ತೋಳಹಾವಿನ ಬಿಳಿ ಪಟ್ಟೆ ತಲೆಯ ಕಡೆ ಎದ್ದು ಕಂಡು ಬಾಲದ ಕಡೆ ಮಾಸುತ್ತದೆ, ಕಟ್ಟುಹಾವಿನದು ಇದಕ್ಕೆ ತಿರುಗು. ಹಾಗೆಂದು ಪಟ್ಟೆ ಎಣಿಸಲು ಹತ್ತಿರ ಹೋಗಬೇಡ. ಈಗಿನ ವಿಷನಿರೋಧಕ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಮಲೆನಾಡಿನ ಗೂನುಮೂಗಿನ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಆದರೂ ಆಸ್ಪತ್ರೆಯೇ ಗತಿ. ಊರಿನ ಮದ್ದಿನವರ ಹೆಸರು ಹೇಗೆ ಬೆಳೆಯುತ್ತದೆ ಎಂಬುದನ್ನೂ ಹೇಳಬೇಕು. ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ವಿಷ ಬಿಡದ ಒಣ ಕಡಿತ. ರೋಗಿ ಹೇಗಿದ್ದರೂ ಬದುಕುತ್ತಿದ್ದ. ಕೀರ್ತಿ ಬೇರಿಗೆ ಹೋಯಿತು. ಮದ್ದು ಕೊಡುವವರು ಮೋಸಗಾರರೆಂದು ಇದರರ್ಥವಲ್ಲ, ಅವರೂ ಕಂಡದ್ದನ್ನೇ ನಂಬಿದವರು. ಅವರನ್ನು ಬೈದು ಗೆಲ್ಲಲಾಗದು. "ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನೇರ ಆಸ್ಪತ್ರೆಗೆ ಕಳಿಸಿ" ಎಂದು ಅವರ ಬಾಯಲ್ಲೇ ಹೇಳಿಸಿದರೆ ಹತ್ತು ಪೋಸ್ಟರಿನ ಕೆಲಸವಾಗುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು, ದೇಶದಲ್ಲೇ ಮೊದಲು. ಕೇಂದ್ರದ ಕ್ರಿಯಾಯೋಜನೆಯೂ ಅದೇ ವರ್ಷ ಬಂತು, 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಗುರಿಯೊಂದಿಗೆ. ಕಚ್ಚಿಸಿಕೊಂಡವರ ಲೆಕ್ಕ ಈಗ ಸಿಗಲು ಶುರುವಾಗಿದೆ. ಎಲ್ಲಿ, ಯಾವ ತಿಂಗಳು, ಯಾವ ಹೊತ್ತು ಎಂದು ತಿಳಿದರೆ ಮಂಡಿಯ ಆ ಹುಡುಗನಂಥವರು ಯಾವ ಊರಿನ ಜಗಲಿಯಲ್ಲಿ ಮೊದಲು ಕೂರಬೇಕು ಎಂಬುದೂ ತಿಳಿಯುತ್ತದೆ.

ದೊಣ್ಣೆಯ ಪ್ರಶ್ನೆ ಉಳಿಯಿತು. ಬಂದವರು ಹಿಡಿಯದಿದ್ದರೆ ಜನ ಕೊಲ್ಲುತ್ತಾರೆ ಎಂಬ ಭಯ. ಕೆಲವು ಮನೆಗಳಲ್ಲಿ ಅದು ನಿಜ, ಅಂಥಲ್ಲಿ ಹಿಡಿಯುವುದೇ ವಿವೇಕ. ಆದರೆ ಹಾವು ಬಂದಿದೆ ಎಂದು ಫೋನು ಮಾಡಿದವರು ಆಗಲೇ ಅರ್ಧ ದಾರಿ ಬಂದವರು. ಕೊಲ್ಲುವ ಮನಸ್ಸಿದ್ದವರು ಫೋನು ಹುಡುಕುವುದಿಲ್ಲ. ಮುಂದಿನ ಒಂದು ಗಂಟೆ ಆ ಮನೆಯ ಅಜ್ಜಿಯಿಂದ ಹಿಡಿದು ಅಂಗನವಾಡಿಗೆ ಹೋಗುವ ಮಗುವಿನವರೆಗೆ ಎಲ್ಲರ ಕಿವಿ ತೆರೆದಿರುತ್ತದೆ. ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಮಾಡುವ ಭಾಷಣಕ್ಕೆ ಇಂಥ ಕೇಳುಗರು ಸಿಗುವುದಿಲ್ಲ. ಸೌದೆ ಸಂದಿಯಲ್ಲಿ ಜೀವಂತ ಹಾವಿರುವಾಗ ಹೇಳಿದ ಮಾತು ಮೂಳೆಗೆ ಇಳಿಯುತ್ತದೆ. ಎರಡು ನಿಮಿಷದಲ್ಲಿ ಹಾವನ್ನು ಚೀಲಕ್ಕೆ ತುಂಬಿ, ಫೋಟೊ ತೆಗೆಸಿಕೊಂಡು ಹೊರಟವರು ಆ ತರಗತಿಯನ್ನು ತಾವೇ ಮುಚ್ಚಿದ ಹಾಗೆ.

ನಿಜವಾದ ರಕ್ಷಣೆಯನ್ನೂ ಪುನರ್ವಸತಿಯನ್ನೂ ನಾನು ಮರೆತಿಲ್ಲ. ತೋಟದ ನೈಲಾನ್ ಬಲೆಗೆ ಸಿಕ್ಕಿ ಮೈ ಕೊಯ್ದುಕೊಂಡ ನಾಗರ, ಕಟ್ಟೆಯಿಲ್ಲದ ಬಾವಿಗೆ ಬಿದ್ದ ಹೆಬ್ಬಾವು, ಜೆಸಿಬಿಯ ಹಲ್ಲು ತಾಗಿದ ಮಂಡಲ, ಇಲಿ ಹಿಡಿಯುವ ಅಂಟಿನ ಹಲಗೆಗೆ ಅಂಟಿಕೊಂಡ ಓತಿಕ್ಯಾತ. ಅಂಟಿಗೆ ಅಡುಗೆ ಎಣ್ಣೆ ಸವರಿ ಚರ್ಮ ಕೀಳದಂತೆ ಬಿಡಿಸಲು ಗಂಟೆಗಟ್ಟಲೆ ಬೇಕು. ಹೊಲಿಗೆ ಹಾಕಿದ ಹಾವಿನ ಗಾಯ ಮಾಯುವುದು ವಾರಗಳ ಮಾತು, ಒಂದೆರಡು ಬಾರಿ ಪೊರೆ ಬಿಟ್ಟ ಮೇಲೆ ಚರ್ಮ ಹದಕ್ಕೆ ಬರುತ್ತದೆ. ಅಷ್ಟು ದಿನ ಬಿಸಿ, ತೇವ, ಕತ್ತಲೆ ಎಲ್ಲವನ್ನೂ ಅಳೆದು ಕೊಡಬೇಕು. ಈ ಕೆಲಸಕ್ಕೆ ಪ್ರೇಕ್ಷಕರಿಲ್ಲ. ಅದರಲ್ಲೂ ಕಳ್ಳಸಾಗಣೆಯಿಂದ ಬಿಡಿಸಿ ತಂದವುಗಳ ಪಾಡು ಹೇಳತೀರದು. 2018ರ ನವೆಂಬರಿನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು. ಆಮೆ ಮನೆಯಲ್ಲಿದ್ದರೆ ಅದೃಷ್ಟ, ಮಣ್ಣುಮುಕ್ಕ ಹಾವಿಗೆ ಎರಡು ತಲೆ, ಅದು ನಿಧಿ ತೋರಿಸುತ್ತದೆ ಎಂಬ ನಂಬಿಕೆಗಳೇ ಈ ವ್ಯಾಪಾರದ ಬಂಡವಾಳ. ಒಂದು ಆಮೆಯನ್ನು ಮರಳಿ ಬಯಲಿಗೆ ಬಿಡಲು ತಗಲುವ ಖರ್ಚಿನಲ್ಲಿ ಆ ನಂಬಿಕೆಯ ಬೇರಿಗೆ ಎಷ್ಟು ಊರುಗಳಲ್ಲಿ ಕೈ ಹಾಕಬಹುದಿತ್ತು ಎಂದು ಲೆಕ್ಕ ಹಾಕಿದರೆ ನಿಟ್ಟುಸಿರು ಬರುತ್ತದೆ. ಕೈಗೆ ಬಂದ ಆಮೆಯನ್ನು ಹಾಗೆಂದು ಬಿಟ್ಟುಬಿಡಲಾದೀತೇ? ಎರಡೂ ಆಗಬೇಕು, ಹಣ ಮಾತ್ರ ಒಂದಕ್ಕೂ ಸಾಲದು.

ಮನಸ್ಸು ಬದಲಾಗುವುದಕ್ಕೆ ಹೊಟ್ಟೆಪಾಡಿನ ಆಸರೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಇರುಳರೇ ಸಾಕ್ಷಿ. ಹಾವಿನ ಚರ್ಮ ಮಾರಿ ಬದುಕುತ್ತಿದ್ದ ಅವರಿಗೆ 1972ರ ಕಾಯ್ದೆಯಿಂದ ಕಸುಬೇ ಅಪರಾಧವಾಯಿತು. 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಪರವಾನಗಿಯೊಂದಿಗೆ ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಹೊಟ್ಟೆಯ ಹುರುಪೆಗಳ ಮೇಲೆ ಗುರುತು ಮಾಡಿ ಮತ್ತೆ ಬಿಡುತ್ತಾರೆ. ದೇಶದ ವಿಷನಿರೋಧಕ ತಯಾರಿಕೆಗೆ ಬೇಕಾದ ವಿಷದ ದೊಡ್ಡ ಪಾಲು ಅವರ ಕೈಯಿಂದ ಬರುತ್ತದೆ. ಅವರಲ್ಲಿ ಇಬ್ಬರು, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್, 2023ರಲ್ಲಿ ಪದ್ಮಶ್ರೀ ಪಡೆದರು. ಕಾಡು ಬಲ್ಲವರ ತಿಳುವಳಿಕೆಗೆ ಬೆಲೆ ಕೊಡುವುದು ಕನ್ನಡಕ್ಕೆ ಹೊಸ ಸಂಗತಿಯಲ್ಲ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಬಂದದ್ದು 1980ರಲ್ಲಿ. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಗೆ ಅದರ ಸುಳಿವು ಸಿಕ್ಕಿದ್ದು ಊರಿನವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನಿಂದ. ಕೊನೆಗೂ ಓತಿ ಯಾರ ಕೈಗೂ ಸಿಗದೆ ಹಾರಿಹೋಗುತ್ತದೆ. ಹಿಡಿಯಲಾಗದ್ದರ ಬೆಲೆ ಏನೆಂದು ಬಲ್ಲ ಬರಹಗಾರ ನಮ್ಮಲ್ಲಿದ್ದರು.

ದೀಪಾವಳಿಗೆ ಮತ್ತೆ ಆ ಮನೆಗೆ ಹೋಗಿದ್ದೆ. ಸೌದೆ ರಾಶಿ ಗೋಡೆ ಬಿಟ್ಟು ಆಚೆಗೆ ಸರಿದಿತ್ತು, ಬಚ್ಚಲ ತೂತಿಗೆ ಜಾಲರಿ ಬಂದಿತ್ತು. ಅಜ್ಜಿ ಅಟ್ಟದಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಪೊರೆ ತೆಗೆದು ನೆಲಕ್ಕೆ ಹಾಸಿ, ಕೈ ಚಾಚಿ ಅಳೆದು ತೋರಿಸಿದರು. ಒಂದು ಮಾರಿನ ಮೇಲೆ ಒಂದು ಗೇಣು.

"ಇಲ್ಲೇ ಅದೆ ಅದು, ಎಲ್ಲೂ ಹೋಗ್ಲಿಲ್ಲ" ಎಂದರು. ಪೊರೆಯನ್ನು ಮತ್ತೆ ಮಡಚುತ್ತಾ, "ಅಡುಗೆಮನೆ ಹೊಸಲು ದಾಟ್ಲಿ ನೋಡಾಣ, ಆಗ ನಾ ಸುಮ್ನಿರೋಳಲ್ಲ."